ಅಮ್ಮ ಬಾಗಿಲಾಚೆ ನಿಂತ ಶ್ರಾವಣ

ಹೋದ ತಿಂಗಳು ಕಾಯಿ ಕೊಳ್ಳಲು ಗುಬ್ಬಿಗೆ ಹೋಗಿದ್ದೆ. ತುಮಕೂರಿನ ಬಟವಾಡಿಯಲ್ಲಿ ನನ್ನದೊಂದು ತೆಂಗಿನಕಾಯಿ ಅಂಗಡಿಯಿದೆ. ಯಾರ ಕೈಕಾಲು ಹಿಡಿದು ಮಾಡಿದ್ದಲ್ಲ, ಬೆನ್ನ ಮೇಲೆ ಮೂಟೆ ಹೊತ್ತು ಮಾಡಿದ್ದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ವ್ಯಾಪಾರ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೊರಟವನು ಯಾಕೋ ನಮ್ಮ ಹಳೆಯ ಬೀದಿಯ ಮೇಲೆ ಹಾದುಹೋದೆ. ಭಜನೆ ಮನೆಯ ಹೆಂಚು ಇಳಿಸಿದ್ದರು. ಇನ್ನು ಮೇಲೆ ಮೋಲ್ಡಿಂಗ್ ಅಂತೆ. ಅದರ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೊಬ್ಬರಿ ಮಂಡಿಯ ರುದ್ರಣ್ಣ ಕೂತಿದ್ದರು. ಒಂದು ಕಾಲದಲ್ಲಿ ನಾನು ಅವರ ಮಂಡಿಯ ಆಳು.

“ಏನ್ಲಾ ಸಿದ್ದ, ನೀನೇ ಸಾವ್ಕಾರ ಆದ್ಮೇಲೆ ಹಳೇ ಸಾವ್ಕಾರ ಕಣ್ಣಿಗೆ ಕಾಣಲ್ವಾ?”

“ಕಾಣ್ದೆ ಏನಣ್ಣ. ನೀವೇ ಸಣ್ಣಗಾಗ್ಬುಟ್ಟಿದೀರಿ.”

ನಕ್ಕರು. ಒಳಗಿಂದ ಒಂದು ಕೆಂಪು ಬಟ್ಟೆಯ ಗಂಟು ತರಿಸಿ ನನ್ನ ಕೈಗಿಟ್ಟರು. “ತಗೊಂಡೋಗು. ಓದೋರು ಯಾರವ್ರೆ ಈಗ ಇಲ್ಲಿ? ಶ್ರಾವಣ ಬಂದ್ರೆ ಹುಡುಗ್ರು ಕ್ಯಾಸೆಟ್ ಹಾಕ್ತವೆ, ಕಿವಿ ತೂತಾಗೋ ಹಂಗೆ. ಕಟ್ಟಡ ಮುಗಿಯೋ ತಂಕ ಇದು ಇಲ್ಲಿದ್ರೆ ಮಳೆಗೆ ಹೋಯ್ತದೆ.”

ಬಸ್ಸಿನಲ್ಲಿ ಕೂತು ಗಂಟಿನ ಒಂದು ಸುತ್ತು ಸಡಿಲಿಸಿದೆ. ಒಣಗಿದ ಬೇವಿನೆಲೆ, ಕರ್ಪೂರ, ದೀಪದ ಮಸಿ. ಅವುಗಳ ಅಡಿಯಲ್ಲಿ, ಮಳೆಗಾಲದ ಕೊಬ್ಬರಿ ಅಟ್ಟದ ಆ ಮುಗ್ಗಲು ವಾಸನೆ. ನಿಟ್ಟೂರು ಕಡೆಯಿಂದ ಬಂದ ಬಸ್ಸು ತುಂಬ ಜನ. ಪಕ್ಕದವನು ಮೂಗು ಮುಚ್ಚಿಕೊಂಡು “ಏನ್ರೀ ಅದು” ಎಂದ. “ಪುರಾಣ” ಎಂದೆ. ಇನ್ನೇನು ಹೇಳಲಿ? ನನ್ನ ಮೂಗಿಗೆ ಬಂದದ್ದು ಒಂದು ಇಡೀ ಶ್ರಾವಣ ಮಾಸ.

ತೊಂಬತ್ತಾರನೆಯ ಇಸವಿ ಇರಬೇಕು. ಆಗ ನಮ್ಮ ಬೀದಿಯಲ್ಲಿ ಪ್ರತಿ ಶ್ರಾವಣವೂ ಭಜನೆ ಮನೆಯಲ್ಲಿ ಪುರಾಣ ಓದಿಸುತ್ತಿದ್ದರು. ವರ್ಷ ವರ್ಷವೂ ಅದೇ ಪುರಾಣ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಓದುವ ಪಾಳಿ ನಮ್ಮ ಮನೆತನದ್ದು. ನಾನು ಏಳನೆಯ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಪ್ಪ ಸತ್ತ ವರ್ಷವೇ ರುದ್ರಣ್ಣನ ಮಂಡಿ ಸೇರಿದೆ. ಆದರೆ ಅಪ್ಪನ ರಾಗ ನನ್ನ ಗಂಟಲಲ್ಲಿ ಉಳಿದಿತ್ತು. ಹಗಲೆಲ್ಲ ಅಟ್ಟದಿಂದ ಒಣಗಿದ ಕಾಯಿ ಇಳಿಸಿ, ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ಸಿಪ್ಪೆ ಬಿಡಿಸಿ, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವುದು. ಸಂಜೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಪುಸ್ತಕವಿಟ್ಟ ವ್ಯಾಸಪೀಠದ ಮುಂದೆ ಕೂರುವುದು. ಹಗಲು “ಲೇ ಸಿದ್ದ” ಎನ್ನುತ್ತಿದ್ದವರು ಸಂಜೆ ನನ್ನ ಮುಂದೆ ಕೈಮುಗಿದು ಕೂರುತ್ತಿದ್ದರು. ಅವರು ಮುಗಿಯುತ್ತಿದ್ದುದು ಪುಸ್ತಕಕ್ಕೆ, ಗೊತ್ತು. ಆದರೂ ಆ ಒಂದು ಗಂಟೆ ನನ್ನ ಬೆನ್ನು ನೆಟ್ಟಗಿರುತ್ತಿತ್ತು.

ಅರ್ಥ ಹೇಳುತ್ತಿದ್ದವರು ಮರಿಯಪ್ಪ ಮೇಷ್ಟ್ರು. ರಿಟೈರಾದ ಮೇಲೆ ನಮ್ಮ ಬೀದಿಯಲ್ಲೇ ಒಂಟಿಯಾಗಿದ್ದರು. ಮೂಲದಲ್ಲಿ ಅದು ಬಹಳ ಹಿಂದಿನ ಸಂಸ್ಕೃತದ್ದೆಂದೂ ಯಾವನೋ ಪುಣ್ಯಾತ್ಮ ಕನ್ನಡದ ಪದ್ಯ ಮಾಡಿದನೆಂದೂ ಮೊದಲನೆಯ ದಿನ ಹೇಳಿಯೇ ಶುರು ಮಾಡುವರು.

ಕಥೆ ಸಣ್ಣದು. ಒಬ್ಬ ರಾಜ, ಒಬ್ಬಳು ರಾಣಿ. ಪುಸ್ತಕದಲ್ಲಿ ರಾಣಿಗೆ ಹೆಸರಿದೆ. ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅಮ್ಮ ಎನ್ನುತ್ತಾರೆ. ಯಾರೋ ಆಡಿದ ಮಾತು ಕೇಳಿ ರಾಜ ಒಂದು ಮಳೆಯ ದಿನ ಅಮ್ಮನ ಮೇಲೆ ಅರಮನೆಯ ಬಾಗಿಲು ಹಾಕಿಸುತ್ತಾನೆ. ಅಮ್ಮ ಕಾಡಿನಲ್ಲಿ ಅಲೆದು ಒಬ್ಬ ಕುಂಬಾರ ಮುದುಕಿಯ ಗುಡಿಸಲು ಸೇರುತ್ತಾಳೆ. ಕೊನೆಗೆ ರಾಜನಿಗೆ ಬುದ್ಧಿ ಬಂದು, ಪಲ್ಲಕ್ಕಿ ಕಳಿಸಿ ಕರೆಸಿಕೊಳ್ಳುತ್ತಾನೆ. ಅಲ್ಲಿಗೆ ಮಂಗಳ.

ಈ ಓದಿಗೆ ನಮ್ಮಲ್ಲಿ ಕಟ್ಟಳೆಗಳಿದ್ದವು. ಕಥೆಯಲ್ಲಿ ಮದುವೆಯಾದ ದಿನ ಎಲ್ಲರಿಗೂ ಎಲೆ ಅಡಿಕೆ. ರಾಜ ಹುಟ್ಟಿದ ದಿನ ತೊಟ್ಟಿಲು ಕಟ್ಟಿ ಕೋಸಂಬರಿ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದು: ಅಮ್ಮ ಬಾಗಿಲಾಚೆ ಇರುವಾಗ ಪುಸ್ತಕ ಮುಚ್ಚಬಾರದು. ಬಾಗಿಲು ಹಾಕಿದ ಸಂಧಿಯನ್ನು ಹಿಡಿದರೆ ಪಲ್ಲಕ್ಕಿಯವರೆಗೆ ಒಂದೇ ಪಟ್ಟಿಗೆ ಓದಿ ಮುಗಿಸಬೇಕು. ಅದು ಎಷ್ಟು ಹೊತ್ತಾದರೂ ಸರಿ, ಆ ದಿನ ಯಾರೂ ಎದ್ದು ಹೋಗುತ್ತಿರಲಿಲ್ಲ. ಹೆಣ್ಣುಮಗಳನ್ನು ಮಳೆಯಲ್ಲಿ ನಿಲ್ಲಿಸಿ ನಾವು ಹೋಗಿ ಬೆಚ್ಚಗೆ ಮಲಗುವುದುಂಟೆ?

ಆ ವರ್ಷದ ಶ್ರಾವಣ ಹುಟ್ಟುವ ಮುಂಚೆಯೇ ನನ್ನ ತಂಗಿ ಭಾಗ್ಯ ಮನೆಗೆ ಬಂದಳು. ಅವಳನ್ನು ಕುಣಿಗಲ್ ತಾಲ್ಲೂಕಿಗೆ, ಹುತ್ರಿದುರ್ಗದ ಬುಡದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಗಂಡ ಶಿವಣ್ಣ, ಹೊಲ ಮಾಡಿಕೊಂಡಿದ್ದ, ಮೆತ್ತನೆಯ ಆಸಾಮಿ. ಭಾಗ್ಯ ಅಲ್ಲಿಂದ ದಿನಾ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಹೊಲಿಗೆ ಕಲಿಯುತ್ತಿದ್ದಳು. ಅತ್ತೆಗೆ ಅದು ಆಗದು. ಒಂದು ಸಂಜೆ ಬಸ್ಸು ಕೆಟ್ಟು, ಇವಳು ನಡೆದುಕೊಂಡು ಮನೆ ಮುಟ್ಟುವಾಗ ಬಾಗಿಲು ಹಾಕಿತ್ತು. ಒಳಗೆ ದೀಪವಿತ್ತು, ಮಾತೂ ಕೇಳಿಸುತ್ತಿತ್ತಂತೆ. ತೆಗೆಯಲಿಲ್ಲ. ದನದ ಕೊಟ್ಟಿಗೆಯಲ್ಲಿ ಕೂತು ಬೆಳಗು ಮಾಡಿ, ಮೊದಲ ಬಸ್ಸು ಹತ್ತಿ ತುಮಕೂರು, ಅಲ್ಲಿಂದ ಗುಬ್ಬಿ. ನೆನೆದ ಸೀರೆ ಮೈಮೇಲೇ ಒಣಗಿತ್ತು. ಅವ್ವ ಏನೂ ಕೇಳಲಿಲ್ಲ. ತನ್ನದೊಂದು ಸೀರೆ ಕೊಟ್ಟು, ಒಲೆಯ ಮುಂದೆ ಕೂರಿಸಿ ಬಿಸಿ ಅಂಬಲಿ ಕೊಟ್ಟಳು.

ಬೀದಿಯವರಿಗೆ ಹೊಸದಾಗಿ ಹೇಳುವುದೇನೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಗೋಡೆಗಳು ಬರೀ ಸೂರು ಹೊರುವುದಕ್ಕೆ.

ಆ ವರ್ಷ ಮಳೆಯೂ ವಿಚಿತ್ರ. ನಮ್ಮ ಕಡೆ ಶ್ರಾವಣವೆಂದರೆ ತುಂತುರು, ನಡುವೆ ಬಿಸಿಲು. ಅದು ಹಾಗಲ್ಲ, ಹಿಡಿದ ಮಳೆ ಬಿಡಲಿಲ್ಲ. ಮಂಡಿಯ ಅಟ್ಟದಲ್ಲಿ ಕಾಯಿ ಬೆವರತೊಡಗಿದವು. ಅಂಥದೊಂದು ಸಂಜೆ ನಾನು ಬಾಗಿಲಿನ ಸಂಧಿ ಹಿಡಿದೆ. ಹೆಂಗಸರ ಸಾಲಿನಲ್ಲಿ ಭಾಗ್ಯ ಕೂತಿದ್ದಳು. ಅದೇ ಪದ್ಯ, ಅದೇ ರಾಗ, ಎಷ್ಟೋ ವರ್ಷ ಓದಿದ್ದು. ಆದರೆ ಅರಸ ಹೇಳಿದ, ಆಳು ಅಗುಳಿ ಹಾಕಿದ ಎಂಬಲ್ಲಿಗೆ ಬಂದಾಗ ಯಾರೂ ನನ್ನ ಮುಖ ನೋಡುತ್ತಿಲ್ಲವೆಂದು ಗೊತ್ತಾಯಿತು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ನೆಲದ ಚಾಪೆಯ ಎಳೆ ಕೀಳುತ್ತಿದ್ದಳು.

ಅಷ್ಟರಲ್ಲಿ ಗಾಳಿಗೆ ಭಜನೆ ಮನೆಯ ಹೆಂಚು ಒಂದು ಸಾಲು ಜಾರಿತು. ನೀರು ಸೀದಾ ವ್ಯಾಸಪೀಠದ ಮೇಲೆ. ದೀಪ ಹೋಯಿತು. ನಾನು ಪುಸ್ತಕವನ್ನು ಎದೆಗವಚಿಕೊಂಡು ಪಂಚೆಯ ಸೆರಗು ಸುತ್ತಿ ಓಡಿದೆ. ಮಂಡಿಯ ಜಗಲಿ ಹತ್ತಿ ಉಸಿರು ಬಿಟ್ಟ ಮೇಲೆ ಮೇಷ್ಟ್ರೇ ಮೊದಲು ಹೇಳಿದರು:

“ಸಿದ್ದರಾಜು, ಪುಸ್ತಕ ಮುಚ್ಚಿಬಿಟ್ಯಲ್ಲಪ್ಪ.”

ಮುಚ್ಚಿದ್ದೆ. ಅಮ್ಮ ಬಾಗಿಲಾಚೆಯೇ ನಿಂತಿದ್ದಳು.

ಮಳೆ ಬಿಡದೆ ಹೆಂಚು ಹಾಕುವ ಹಾಗಿರಲಿಲ್ಲ. ಬೇರೆ ಕಡೆ ಓದುವುದು ರೂಢಿಯಲ್ಲಿಲ್ಲ. ಹೀಗಾಗಿ ದಿನಗಟ್ಟಲೆ ಅಮ್ಮ ಹಾಗೇ ನಿಂತಳು, ಬೀದಿಯವರೆಲ್ಲ ಅವಳ ಮಾತೇ ಆಡಿದರು. ಮಳೆ ನಿಲ್ಲದ್ದಕ್ಕೂ ಅದೇ ಕಾರಣವಾಯಿತು. ಅಷ್ಟು ವರ್ಷ ಕೇಳಿದ ಕಥೆ. ಕೇಳಿದವರು ಒಬ್ಬೊಬ್ಬರೂ ಅದನ್ನು ಎಲ್ಲಿಟ್ಟುಕೊಂಡಿದ್ದಾರೆಂದು ನನಗೆ ಆಗ ತಿಳಿದದ್ದು.

ರುದ್ರಣ್ಣ ತಕ್ಕಡಿಯ ಪಕ್ಕ ಕೂತು ಹೇಳಿದರು: “ರಾಜಂದು ತಪ್ಪು ಅಂತೀರಲ್ಲ, ಹೆಸರು ಅನ್ನೋದು ಏನು ಅಂತ ಅಂಗಡಿ ಇಟ್ಕೊಂಡೋನ್ನ ಕೇಳಿ. ನಮ್ಮ ಕೊಬ್ಬರಿಗೆ ಮುಗ್ಗಲು ಅಂತ ಯಾವನೋ ಒಬ್ಬ ಅಂದ್ರೆ ಸಾಕು, ಚೆನ್ನಾಗಿರೋ ಕೊಬ್ಬರೀನೂ ಯಾವನೂ ಮುಟ್ಟಲ್ಲ. ರಾಜ ಏನ್ ಮಾಡ್ಬೇಕಿತ್ತು?”

“ಚೆನ್ನಾಗಿರೋ ಕೊಬ್ಬರೀನ ಬೀದಿಗೆ ಸುರೀಬೇಕಿತ್ತಾ?” ಎಂದು ಯಾರೋ ಅಂದರು. ರುದ್ರಣ್ಣ ಹೊಡೆಯುವವರಂತೆ ತಕ್ಕಡಿಯ ಕಲ್ಲು ಎತ್ತಿ ತೋರಿಸಿದರು. ಎಲ್ಲರೂ ನಕ್ಕರು.

ಮೇಷ್ಟ್ರು ಬೇರೆ ದಾರಿಯವರು. “ಅದು ಗಂಡ ಹೆಂಡಿರ ಜಗಳ ಅಲ್ಲ ಕಣ್ರೋ. ರಾಜ ಅಂದ್ರೆ ಪರಮಾತ್ಮ, ಅಮ್ಮ ಅಂದ್ರೆ ಜೀವ. ಬಾಗಿಲು ನಮ್ಮ ಅಹಂಕಾರ.” ಇದನ್ನು ಅವರು ಕಣ್ಣು ಮುಚ್ಚಿಕೊಂಡು ಹೇಳುವಾಗ ಕೇಳಬೇಕು, ಮೈ ಜುಮ್ಮೆನ್ನುತ್ತಿತ್ತು. ಅವರ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಂಟಿ ಮನೆಯಲ್ಲಿರುವವರಿಗೆ ಬಾಗಿಲು ಮೈಯೊಳಗೇ ಇರುತ್ತದೋ ಏನೋ.

ಖಾದರ್ ಸಾಬರದು ನಮ್ಮೆದುರಿನ ಹಾಸಿಗೆ ಅಂಗಡಿ, ಹತ್ತಿ ಹೊಡೆದು ಹಾಸಿಗೆ ಹೊಲಿಯುವ ಕಸುಬು. ಪ್ರತಿ ಶ್ರಾವಣವೂ ಭಜನೆ ಮನೆಯ ಹೊರ ಜಗಲಿಯಲ್ಲಿ ಕೂತು ಪೂರ್ತಿ ಪುರಾಣ ಕೇಳುತ್ತಿದ್ದರು. ನನ್ನ ರಾಗ ಒಂದು ದಿನ ಕೆಟ್ಟರೂ ಮಾರನೆಯ ದಿನ “ಏನ್ ಸಿದ್ದಣ್ಣ, ನೆಗಡಿಯಾ?” ಎಂದು ಕೇಳುವವರು. ಅವರು ಗಡ್ಡ ಕೆರೆದುಕೊಂಡು ಕೇಳಿದರು:

“ಅಲ್ಲಾ ಮೇಷ್ಟ್ರೇ, ಇಷ್ಟು ವರ್ಷದಿಂದ ಕೇಳ್ಬೇಕು ಅಂತಿದೀನಿ. ರಾಜ ಬಾಗ್ಲು ಹಾಕ್ಸಿದ, ಆಯ್ತು. ಆಯಮ್ಮನ ಮಹರ್ ಕೊಟ್ನಾ?”

“ಅದೇನ್ ಸಾಬ್ರೇ ಅದು?”

“ನಮ್ಮಲ್ಲಿ ನಿಕಾ ದಿನಾನೇ ಹತ್ತು ಜನದ ಮುಂದೆ ಮಾತಾಗಿರ್ತದೆ, ಹೆಣ್ಣಿಗೆ ಗಂಡ ಏನು ಕೊಡ್ಬೇಕು ಅಂತ. ಅದು ಅವಳ್ದು. ಬಾಗ್ಲು ಹಾಕೋನು ಅದನ್ನ ಆಚೆ ಇಟ್ಟು ಬಾಗ್ಲು ಹಾಕ್ಬೇಕು.”

ಎಲ್ಲರೂ ಗೊಳ್ಳೆಂದರು. “ಅಮ್ಮನ್ನ ಖಾಜಿ ಹತ್ರ ಕಳಿಸ್ಬುಟ್ರಲ್ಲ ಸಾಬ್ರು!” ಎಂದರು ರುದ್ರಣ್ಣ. ಸಾಬರೂ ನಕ್ಕರು. ಅಮ್ಮ ಬರಿಗೈಯಲ್ಲಿ ಹೋದಳೆಂದು ನಮಗೆ ಗೊತ್ತಿತ್ತು. ಬರಿಗೈ ಎನ್ನುವುದು ಕೇಳಬೇಕಾದ ವಿಷಯ ಅನ್ನುವುದು ಗೊತ್ತಿರಲಿಲ್ಲ.

ನನ್ನದೂ ಒಂದು ಓದು ಇತ್ತು, ಯಾರಿಗೂ ಹೇಳಿರಲಿಲ್ಲ. ಆ ಪದ್ಯ ಬಂದಾಗಲೆಲ್ಲ ನನ್ನ ಮನಸ್ಸು ರಾಜನ ಕಡೆಗೂ ಹೋಗುತ್ತಿರಲಿಲ್ಲ, ಅಮ್ಮನ ಕಡೆಗೂ ಇಲ್ಲ. ಅಗುಳಿ ಹಾಕಿದ ಆಳಿನ ಕಡೆಗೆ ಹೋಗುತ್ತಿತ್ತು. ಪಾಪ, ಅವನೇನು ಮಾಡುತ್ತಾನೆ? ಹೇಳಿದ್ದು ಮಾಡಿದ. ನಾನೂ ಹೇಳಿದ್ದು ಮಾಡಿಯೇ ಬೆಳೆದವನು. ಆ ಆಳಿಗೆ ಪುಸ್ತಕದಲ್ಲಿ ಒಂದೇ ಸಾಲು, ಹೆಸರೂ ಇಲ್ಲ. ಆ ಸಾಲನ್ನು ನಾನು ಯಾವಾಗಲೂ ಸ್ವಲ್ಪ ಎಳೆದು, ಕನಿಕರದಿಂದ ಓದುತ್ತಿದ್ದೆ.

ಮನೆಯಲ್ಲಿ ಅವ್ವ ರಾಗಿ ಕೇರುತ್ತಾ ಕೇಳಿದಳು: “ಅಲ್ಲ ಮಗಾ, ಆಯಮ್ಮಂಗೆ ತವರಿರ್ಲಿಲ್ವಾ?”

“ಪುಸ್ತಕದಲ್ಲಿ ಹೇಳಿಲ್ಲ ಕಣವ್ವ.”

“ಅದ್ಹೆಂಗ್ಲಾ ಹೇಳಲ್ಲ? ತವರಿಲ್ದೆ ಯಾವ ಹೆಣ್ಣು ಹುಟ್ತಾಳೆ?” ಮೊರ ಕೊಡವಿದಳು. “ಇದ್ದಿರ್ತದೆ. ತಿರುಗಿ ಕಳಿಸಿರ್ತಾರೆ. ಅದನ್ನ ಬರೆಯಕ್ಕೆ ನಾಚ್ಕೆಯಾಗಿ ಬುಟ್ಟವ್ನೆ.”

ಅವ್ವನ ಮಾತಿನ ಹಿಂದೆ ಏನಿದೆಯೆಂದು ನನಗೆ ಗೊತ್ತಿತ್ತು. ಅವಳೂ ಹರೆಯದಲ್ಲಿ ಒಮ್ಮೆ ಅಪ್ಪನ ಮೇಲೆ ಮುನಿಸಿಕೊಂಡು ತವರಿಗೆ ಹೋಗಿದ್ದಳಂತೆ. ತಾತ ಊಟಕ್ಕೂ ಕೂರಿಸದೆ ಅದೇ ಗಾಡಿಯಲ್ಲಿ ವಾಪಸ್ಸು ತಂದು ಬಿಟ್ಟಿದ್ದ.

ರುದ್ರಣ್ಣ ಕೆಟ್ಟವರಲ್ಲ. ಅವರೇ ಶಿವಣ್ಣನಿಗೆ ಹೇಳಿ ಕಳಿಸಿದರು. ಮಂಗಳದ ದಿನ ಬಂದು ಕರೆದುಕೊಂಡು ಹೋಗುತ್ತೇನೆಂದು ಅವನೂ ಒಪ್ಪಿದ. “ಅಮ್ಮ ಅರಮನೆಗೆ, ನಿನ್ನ ತಂಗಿ ಅವಳ ಮನೆಗೆ. ಒಂದೇ ಮುಹೂರ್ತ ಕಣ್ಲಾ! ತಂಗಿ ಇಲ್ಲಿ ಕೂತಿದ್ರೆ ನಿಂಗೆ ಹೆಣ್ಣು ಕೊಡೋರು ಯಾರು?” ನನಗೂ ಅದು ಸರಿಯೆನಿಸಿತು. ಹೆಣ್ಣು ಸಿಗುವುದಿಲ್ಲವೆಂಬ ಭಯಕ್ಕಿಂತ ಹೆಚ್ಚಾಗಿ, ಬೀದಿಯಲ್ಲಿ ತಲೆ ಎತ್ತಿ ನಡೆಯುವ ಅಭ್ಯಾಸ ತಪ್ಪೀತೆಂಬ ಭಯ ನನಗೆ.

ಅದೇ ವಾರ ಭಾಗ್ಯ ಖಾದರ್ ಸಾಬರ ಮನೆಯ ಹಳೇ ಮಿಷನ್ನಿನಲ್ಲಿ ಹಾಸಿಗೆಯ ಗವಸು ಹೊಲಿಯಲು ಕೂತಳು. ಕೆಲಸದಿಂದ ಬಂದವನಿಗೆ ಎದುರು ಮನೆಯಿಂದ ಟರ್ರನೆ ಸದ್ದು.

“ನಮ್ಮನೆ ಹೆಣ್ಮಗಳು ಕೂಲಿಗೆ ಹೊಲಿಯೋದೇನೇ? ನಾನಿನ್ನೂ ಬದುಕಿದೀನಿ.”

“ನೀನು ಕೂಲಿಗೆ ಕಾಯಿ ಸುಲಿಯಲ್ವಾ ಅಣ್ಣ?”

“ಅದು ಬೇರೆ.”

“ಹೆಂಗೆ ಬೇರೆ? ಹೇಳು, ಅರ್ಥ ಹೇಳು. ಮೇಷ್ಟ್ರನ್ನ ಕರೀಲಾ?”

ನನಗೆ ಸಿಟ್ಟಿನ ಜೊತೆಗೆ ನಗುವೂ ಬಂತು. ನಗು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. “ಶಿವಣ್ಣ ಬರ್ತವ್ನೆ ಮಂಗಳದ ದಿನ. ಬ್ಯಾಗು ರೆಡಿ ಮಾಡ್ಕೊ” ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. “ಹೂಂ” ಎಂದಳು. ಆ ಹೂಂಗೆ ನಾನು ಒಪ್ಪಿಗೆ ಎಂದು ಅರ್ಥ ಮಾಡಿಕೊಂಡೆ. ನನಗೆ ಬೇಕಾದ ಅರ್ಥ ಅದು.

ಮಳೆ ಒಂದಿಷ್ಟು ತೆರಪು ಕೊಟ್ಟ ದಿನ ಹೆಂಚು ಹಾಕಿಸಿ, ನೆಲ ಸಾರಿಸಿ, ಮತ್ತೆ ದೀಪ ಹಚ್ಚಿದರು. ಭಜನೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲಿ ಪುಟ್ಟ ಮರದ ಪಲ್ಲಕ್ಕಿಗೆ ಹೂ ಕಟ್ಟಿ ಇಟ್ಟಿದ್ದರು. ಪಲ್ಲಕ್ಕಿಯ ಪದ್ಯ ಮುಗಿದ ಮೇಲೆ ಪುಸ್ತಕವನ್ನೇ ಅದರಲ್ಲಿಟ್ಟು ಬೀದಿ ಸುತ್ತಿಸುವುದು ವಾಡಿಕೆ. ಶಿವಣ್ಣ ರುದ್ರಣ್ಣನ ಪಕ್ಕ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದ. ಹೆಂಗಸರ ಕಡೆ ಭಾಗ್ಯ, ತಲೆ ತುಂಬ ಹೂ. ಅವಳ ಬ್ಯಾಗು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಇತ್ತು.

ನಿಲ್ಲಿಸಿದ್ದಲ್ಲಿಂದಲೇ ಹಿಡಿದೆ. ಅಮ್ಮ ಕಾಡು ಹೊಕ್ಕಳು. ಮುಳ್ಳು, ಮಳೆ, ಕತ್ತಲೆ. ಜನ ಉಸಿರು ಹಿಡಿದು ಕೇಳಿದರು. ಇಷ್ಟು ದಿನ ಅವಳನ್ನು ಹೊರಗಿಟ್ಟ ಪಾಪ ಕಳೆಯಬೇಕಲ್ಲ. ಆಮೇಲೆ ಕುಂಬಾರ ಮುದುಕಿಯ ಭಾಗ. ನಾಲ್ಕಾರೇ ಪದ್ಯ. ಎಲ್ಲರೂ ಪಲ್ಲಕ್ಕಿಗೆ ಕಾಯುತ್ತಿರುವುದರಿಂದ ವರ್ಷವೂ ನಾನು ಅದನ್ನು ಓಡಿಸಿಬಿಡುತ್ತಿದ್ದೆ. ಆ ದಿನ ಗಂಟಲು ತಾನಾಗಿ ನಿಧಾನವಾಯಿತು. ಮುದುಕಿ ತಟ್ಟಿಯ ಬಾಗಿಲು ಸರಿಸುತ್ತಾಳೆ. ಯಾರು ಏನು ಎಂದು ಕೇಳುವುದಿಲ್ಲ. ತನ್ನ ಒಣ ಸೀರೆ ಕೊಡುತ್ತಾಳೆ. ಮಡಕೆ ಸುಡುವ ಆವಿಗೆಯ ಕಾವಿಗೆ ಕೂರಿಸಿ ಅಂಬಲಿ ಕೊಡುತ್ತಾಳೆ. ಓದುತ್ತಾ ನನಗೆ ಕಂಡದ್ದು ನಮ್ಮ ಮನೆಯ ಒಲೆ.

ಮೇಷ್ಟ್ರು ಅರ್ಥ ಹೇಳಿದರು: “ಮುದುಕಿ ಅಂದ್ರೆ ಗುರು. ಹಸಿ ಮಡಕೆಯಂಥ ಜೀವವನ್ನ ಸುಟ್ಟು ಗಟ್ಟಿ ಮಾಡೋಳು.” ಚೆನ್ನಾದ ಅರ್ಥ. ನಾನು ಮುಂದಿನ ಪದ್ಯಕ್ಕೆ ಬೆರಳಿಟ್ಟೆ.

“ಅಣ್ಣ, ಅಲ್ಲಿಗೆ ನಿಲ್ಸು.”

ಭಾಗ್ಯ ಎದ್ದು ನಿಂತಿದ್ದಳು. ಓದಿನ ನಡುವೆ ಹೆಂಗಸರ ಸಾಲಿನಿಂದ ಯಾರೂ ಮಾತಾಡಿದ್ದು ನಾನು ಕಂಡಿರಲಿಲ್ಲ.

“ಅಮ್ಮ ಒಳಕ್ಕೆ ಬಂದ್ಲು. ಪುಸ್ತಕ ಮುಚ್ಚಬೋದು.”

ರುದ್ರಣ್ಣ ಸಮಾಧಾನದ ದನಿಯಲ್ಲೇ ಹೇಳಿದರು, “ಇನ್ನೂ ಮನೆ ಸೇರಿಲ್ಲ ಕಣವ್ವ ಅಮ್ಮ. ಕೂತ್ಕೊ.”

“ಒಣ ಸೀರೆ ಉಟ್ಟವ್ಳೆ. ಅಂಬಲಿ ಕುಡ್ದವ್ಳೆ. ತಲೆ ಮೇಲೆ ಸೂರೈತೆ. ಮನೆ ಅಂದ್ರೆ ಇನ್ನೇನು ರುದ್ರಣ್ಣ?”

“ಅರಮನೆ ಬೇಡ್ವಾ?”

“ಆಚೆ ಇರುವಾಗ ಮುಚ್ಚಬಾರ್ದು ಅಂತ ತಾನೆ ಕಟ್ಟಳೆ? ಅರಮನೇಲೇ ಇರ್ಬೇಕು ಅಂತ ಯಾರು ಹೇಳವ್ರೆ?”

ಮೇಷ್ಟ್ರಿಗೆ ನೋವಾಯಿತು, ನಿಜವಾಗಿಯೂ. “ಅಲ್ಲಿಗೆ ನಿಲ್ಸಿದ್ರೆ ಜೀವ ಪರಮಾತ್ಮನನ್ನ ಸೇರಿದ ಹಾಗಾಗಲ್ಲ ತಾಯಿ. ಅರ್ಧದಾರೀಲಿ ಬಿಟ್ಟಂಗಾಗ್ತದೆ.”

“ಜೀವ ಸೇರ್ಲಿ ಸಾರ್, ನಾನು ಬೇಡ ಅನ್ನಲ್ಲ. ನಾನು ಮಳೇಲಿ ನೆಂದೋಳ ಮಾತಾಡ್ತಿದೀನಿ.”

ಗದ್ದಲವೆದ್ದಿತು. ಇವಳ ಕಥೆಗೂ ಪುರಾಣಕ್ಕೂ ಏನು ಸಂಬಂಧ ಎಂದರು ಕೆಲವರು. ಪುರಾಣ ಇರುವುದೇ ನಮಗೆ ತಾನೇ ಎಂದಳು ಯಾವಳೋ ಮುದುಕಿ. ಹೊರ ಜಗಲಿಯ ಕಡೆ ನೋಡಿದೆ. ಖಾದರ್ ಸಾಬರು ತಲೆ ತಗ್ಗಿಸಿಕೊಂಡು ಬೆರಳಿಗಂಟಿದ ಹತ್ತಿ ಬಿಡಿಸುತ್ತಿದ್ದರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಮುಚ್ಚುವುದು ಓದುವವನ ಕೈಯಲ್ಲಿ. ನನ್ನ ಬೆರಳು ಇನ್ನೂ ಮುಂದಿನ ಪದ್ಯದ ಮೇಲೇ ಇತ್ತು. ಓದಿದರೆ ಪಲ್ಲಕ್ಕಿ ಬರುತ್ತದೆ, ಅದರ ಹಿಂದೆಯೇ ಭಾಗ್ಯ ಚಪ್ಪಲಿ ಮೆಟ್ಟಿ ಹೊರಡಬೇಕಾಗುತ್ತದೆ. ಇಷ್ಟು ಜನರ ಮುಂದೆ ಅಮ್ಮನೇ ಹೋದ ಮೇಲೆ ಇವಳು ಹೇಗೆ ಉಳಿಯುತ್ತಾಳೆ?

ನಾನು ಶಿವಣ್ಣನನ್ನು ನೋಡಿದೆ. ಅವನ ಬಾಯಿಂದ ಒಂದು ಮಾತು ಬಂದರೆ ಸಾಕೆಂದುಕೊಂಡೆ. ಬಂತು.

“ನಾನೇನು ಬೇಕು ಅಂತ ಬಾಗ್ಲು ಹಾಕಿದ್ನಾ ಭಾವ? ನಮ್ಮವ್ವ ಹಾಕು ಅಂದ್ಲು. ಹಾಕ್ದೆ.”

ಸುಳ್ಳು ಹೇಳುವ ಮುಖವಲ್ಲ ಅದು. ನಿಜವನ್ನೇ ಹೇಳಿದ. ನನಗೆ ಆ ಸಾಲು ನೆನಪಾಯಿತು, ಅರಸ ಹೇಳಿದ, ಆಳು ಅಗುಳಿ ಹಾಕಿದ. ಎಷ್ಟು ವರ್ಷ ಆ ಆಳಿಗಾಗಿ ನಾನು ರಾಗ ಎಳೆದಿದ್ದೆ! ಹೇಳಿದ್ದು ಮಾಡಿದವನು, ಪಾಪ, ಎಂದು. ಅವನು ಇಲ್ಲಿ ಇಸ್ತ್ರಿ ಷರಟು ಹಾಕಿಕೊಂಡು ನನ್ನೆದುರೇ ಕೂತಿದ್ದ. ಬಾಗಿಲಿನಾಚೆ ಕೊಟ್ಟಿಗೆಯಲ್ಲಿ ಕೂತವಳು ನನ್ನ ತಂಗಿ. ಹೇಳಿದ್ದು ಯಾರೇ ಆಗಲಿ, ಅಗುಳಿಗೆ ಹೋದದ್ದು ಒಂದು ಕೈ. ಆ ಹೊತ್ತಿಗೆ ಎಲ್ಲರೂ ನನಗೂ ಹೇಳುತ್ತಲೇ ಇದ್ದರು, ಓದು, ಓದು ಎಂದು. ಅದೂ ಹೇಳಿದ್ದು ಮಾಡುವ ಕೆಲಸವೇ.

ಬೇವಿನೆಲೆಯ ಕಡ್ಡಿಯೊಂದನ್ನು ಆ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದೆ.

“ಅಮ್ಮ ಒಳಗವ್ಳೆ. ಮಂಗಳ” ಎಂದೆ.

ಆರತಿ ತಟ್ಟೆ ಹಿಡಿದು ಮೊದಲು ಎದ್ದವಳು ನಮ್ಮವ್ವ. ಮಳೆಯ ತಂಪಿಗೆ ಬತ್ತಿ ಎರಡು ಸಲ ಹತ್ತಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೆಂಗಸರು ದನಿಗೂಡಿಸಿದರು. ಗಂಡಸರು ಕೆಲವರು ಎದ್ದು ಹೋದರು. ಮೇಷ್ಟ್ರು ಹೋಗಲಿಲ್ಲ, ಆರತಿ ಕಣ್ಣಿಗೊತ್ತಿಕೊಂಡು ಅಲ್ಲೇ ಕೂತರು.

ಮರುದಿನ ಮಳೆ ನಿಂತಿತೇ ಎಂದು ಈ ಕಥೆ ಕೇಳಿದವರು ಕೇಳುತ್ತಾರೆ. ಇಲ್ಲ, ಅದಕ್ಕೇನೂ ಗೊತ್ತಾದಂತಿರಲಿಲ್ಲ. ರುದ್ರಣ್ಣ ನನ್ನನ್ನು ಕರೆದು, “ಮಂಡಿಗೆ ಬರ್ಬೇಡ ಅಂತ ನಾನು ಅನ್ನಲ್ಲ. ಪುಸ್ತಕ ಮಾತ್ರ ಮುಟ್ಬೇಡ” ಎಂದರು. ಪುಸ್ತಕ ಮುಟ್ಟದ ಮೇಲೆ ಆ ಬೀದಿಯಲ್ಲಿ ನನ್ನ ಬೆನ್ನು ನೆಟ್ಟಗಾಗುವ ಗಂಟೆಯೇ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ನಾವು ಮೂವರೂ ಬಟವಾಡಿಗೆ ಬಂದೆವು. ನಾನು ಗಾಡಿಯ ಮೇಲೆ ಕಾಯಿ ಮಾರಿದೆ. ಭಾಗ್ಯ ಬಾಡಿಗೆ ಮನೆಯ ಕಿಟಕಿಗೆ ರವಿಕೆ ಹೊಲಿಯಲಾಗುತ್ತದೆ ಎಂದು ಬೋರ್ಡು ಕಟ್ಟಿದಳು. ಖಾದರ್ ಸಾಬರು ಆ ಹಳೇ ಮಿಷನ್ನನ್ನು ಲಗೇಜ್ ಆಟೋದಲ್ಲಿ ಕಳಿಸಿದ್ದರು. ಶಿವಣ್ಣ ಒಮ್ಮೆ ಬಂದ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು. ಬಾಗಿಲು ತೆರೆದೇ ಇತ್ತು. ಕಾಫಿ ಕುಡಿದು, ಮಳೆ ಬೆಳೆಯ ಮಾತಾಡಿ, ಹೊರಟುಹೋದ. ಹಿರಿಯರ ಮುಂದೆ ಬಿಡುಗಡೆಯಾದ ಮೇಲೆ ಬೇರೆ ಮದುವೆಯಾದನೆಂದು ಕೇಳಿದೆವು. ನನಗೆ ಹೆಣ್ಣು ಸಿಗದೇನೂ ಹೋಗಲಿಲ್ಲ. ಅವ್ವ ಇದ್ದಷ್ಟು ದಿನ ಭಾಗ್ಯನ ಮಿಷನ್ನಿನ ಪಕ್ಕದಲ್ಲೇ ಕೂತು ಗುಂಡಿ ಹೊಲಿದುಕೊಂಡಿದ್ದಳು.

ಗುಬ್ಬಿಯಿಂದ ಬಂದ ಸಂಜೆ ಕೆಂಪು ಗಂಟನ್ನು ಭಾಗ್ಯನ ಅಂಗಡಿಗೇ ಒಯ್ದೆ. ಈಗ ಅವಳ ಹತ್ತಿರ ಕರೆಂಟಿನ ಮಿಷನ್ನುಗಳಿವೆ, ಕೆಲಸಕ್ಕೆ ಇಬ್ಬರು ಹುಡುಗಿಯರಿದ್ದಾರೆ. ಬಿಚ್ಚಿದೆ. ಬೇವಿನ ಕಡ್ಡಿ ಅಲ್ಲೇ ಇತ್ತು, ಎಲೆ ಪುಡಿಯಾಗಿತ್ತು. ಮುಂದಿನ ವರ್ಷಗಳಲ್ಲಿ ಓದಿದವರು ಯಾಕೋ ಅದನ್ನು ತೆಗೆದಿರಲಿಲ್ಲ.

“ಓದಣ್ಣ” ಎಂದಳು.

“ಎಲ್ಲಿಂದ?”

“ನಿಲ್ಸಿದ್ಯಲ್ಲ, ಅಲ್ಲಿಂದ. ಪಲ್ಲಕ್ಕಿ ತಂಕ ಓದು.”

ಗಂಟಲು ಮೊದಲಿನಂತಿಲ್ಲ. ಆದರೂ ಹಿಡಿದೆ. ಹುಡುಗಿಯರು ಮಿಷನ್ ನಿಲ್ಲಿಸಿ ಕೇಳಿದರು. ರಾಜನ ದೂತರು ಗುಡಿಸಲು ಹುಡುಕಿ ಬಂದರು. ವಾದ್ಯ, ಛತ್ರಿ, ಚಾಮರ. ಮುದುಕಿಯ ಒಣ ಸೀರೆಯನ್ನು ಬಿಚ್ಚಿಟ್ಟು ಅಮ್ಮ ಪೀತಾಂಬರ ಉಟ್ಟಳು. ಪಲ್ಲಕ್ಕಿ ಏರಿದಳು. ಅಲ್ಲಿ ನಾನು ಓದು ನಿಲ್ಲಿಸಿ ತಂಗಿಯ ಮುಖ ನೋಡಿದೆ. ಏನನ್ನಾದರೂ ಹೇಳುತ್ತಾಳೆ, ಸಿಟ್ಟಾಗುತ್ತಾಳೆ, ಕಣ್ಣೀರು ಹಾಕುತ್ತಾಳೆ ಎಂದು.

ಭಾಗ್ಯ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು.

“ಹೋಗ್ಲಿ ಬುಡು ಅಣ್ಣ. ಪಾಪ, ಆಯಮ್ಮಂಗೆ ಹೊಲಿಗೆ ಬರ್ತಿರ್ಲಿಲ್ಲ.”